ಪಾಠಶಾಲೆ, ಸೆಮಿನರಿ, ಮದ್ರಸಾ ಮೇಷ್ಟ್ರುಗಳ ಪಗಾರ, ಪಿಎಫ್, ಗ್ರ್ಯಾಚುಟಿ: ಪುಣೆ-ಮುಂಬೈ-ಗೋವಾದ ನಮ್ಮವರಿಗೊಂದು ಮಾರ್ಗದರ್ಶಿ

ಉಡುಪಿ ಕಡೆಯಿಂದ ಬಂದು ಮುಂಬೈಯ ಮಠದ ಪಾಠಶಾಲೆಯಲ್ಲಿ ವೇದ ಹೇಳಿಕೊಡುವವರು. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಬಿ.ಡಿ. (ಕ್ರೈಸ್ತ ದೇವಶಾಸ್ತ್ರದ ಪದವಿ) ಮುಗಿಸಿ ಪುಣೆಯ ಸೆಮಿನರಿಯಲ್ಲಿ ಹೀಬ್ರೂ, ಗ್ರೀಕ್ ಕಲಿಸುವವರು. ವಿಜಯಪುರ, ಭಟ್ಕಳ ಕಡೆಯ ಉಸ್ತಾದರು. ಈ ಊರುಗಳಲ್ಲಿ ಇಂಥ ಕನ್ನಡಿಗರು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದ್ದಾರೆ. ಧರ್ಮ ಬೇರೆ ಬೇರೆ, ಕೇಳುವ ಪ್ರಶ್ನೆ ಮಾತ್ರ ಒಂದೇ: "ನಮಗೆ ಲೇಬರ್ ಕಾನೂನು ಲಾಗೂ ಆಗುತ್ತಾ?" ಆಫೀಸಿನಿಂದ ಬರುವ ಉತ್ತರವೂ ಒಂದೇ: "ಇದು ದೇವರ ಕೆಲಸ, ಫ್ಯಾಕ್ಟರಿ ಅಲ್ಲ."

ಆ ಉತ್ತರದಲ್ಲಿ ಅರ್ಧ ನಿಜ ಇದೆ. ಆ ಅರ್ಧ ಯಾವುದು ಅಂತ ಗೊತ್ತಿಲ್ಲದೆ ಎಷ್ಟೋ ಜನ ಪೂರ್ತಿ ಬಿಟ್ಟುಕೊಟ್ಟು ಊರಿಗೆ ಹೋಗುತ್ತಾರೆ. ನೇರವಾಗಿ ಹೇಳುತ್ತೇನೆ: ಧಾರ್ಮಿಕ ಸಂಸ್ಥೆಯ ಮೇಷ್ಟ್ರಿಗೆ ದುಡ್ಡಿನ ಹಕ್ಕು ಗಟ್ಟಿಯಾಗಿದೆ, ಕೆಲಸ ಉಳಿಸಿಕೊಳ್ಳುವ ಹಕ್ಕು ಸಡಿಲವಾಗಿದೆ. ಆದ್ದರಿಂದ ಮೊದಲು ಪಿಎಫ್, ಗ್ರ್ಯಾಚುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಒಟ್ಟಿಗೆ ಸಿಗುವ ದುಡ್ಡು), ಬಾಕಿ ಪಗಾರ. "ನನ್ನನ್ನು ವಾಪಸ್ ತಗೊಳ್ಳಿ" ಅನ್ನುವ ಜಗಳ ಆಮೇಲೆ. ಹೆಚ್ಚಿನವರು ಇದನ್ನೇ ತಿರುಗಾಮುರುಗಾ ಮಾಡುತ್ತಾರೆ, ಸಿಟ್ಟಿನಲ್ಲಿ.

ಹೆಜ್ಜೆ 1: ನಿಮಗೆ ಪಗಾರ ಕೊಡುತ್ತಿರುವುದು ಯಾರು?

ಬೋರ್ಡಿನ ಮೇಲೆ ಗುರುಕುಲ, ವಿದ್ಯಾಪೀಠ, ಸೆಮಿನರಿ, ದಾರುಲ್ ಉಲೂಮ್, ಏನು ಬೇಕಾದರೂ ಇರಲಿ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ದುಡ್ಡು ಯಾರ ಹೆಸರಿನಿಂದ ಬರುತ್ತಿದೆ ಅಂತ ನೋಡಿ. ಒಂದೇ ಕಾಂಪೌಂಡಿನಲ್ಲಿ ಟ್ರಸ್ಟು, ಸೊಸೈಟಿ, ಶಾಲೆ, ಹಾಸ್ಟೆಲ್ ಎಲ್ಲ ಬೇರೆ ಬೇರೆ ಹೆಸರಲ್ಲಿ ಇರುವುದು ಮಾಮೂಲು. ನೇಮಕಾತಿ ಪತ್ರ ಒಬ್ಬರದು, ಚೆಕ್ ಇನ್ನೊಬ್ಬರದು. ಮುಂದೆ ನೋಟಿಸ್ ಕೊಡುವಾಗ ಇಬ್ಬರ ಹೆಸರೂ ಬೇಕಾಗುತ್ತದೆ.

ಆಮೇಲೆ ಸಂಸ್ಥೆ ಯಾವ ಬಗೆಯದು ಅಂತ ಗುರುತಿಸಿ. ಸರ್ಕಾರದ ಮಾನ್ಯತೆ ಇರುವ ಶಾಲೆ ಅಥವಾ ಜೂನಿಯರ್ ಕಾಲೇಜಿನ ರೋಲಿನಲ್ಲಿ ನಿಮ್ಮ ಹೆಸರಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಮಹಾರಾಷ್ಟ್ರದಲ್ಲಿ 1977ರ ಖಾಸಗಿ ಶಾಲಾ ನೌಕರರ ಕಾಯಿದೆ ಇದೆ, ಎಲ್ಲರೂ ಎಂಇಪಿಎಸ್ ಅಂತಲೇ ಕರೆಯುತ್ತಾರೆ. ಅಲ್ಪಸಂಖ್ಯಾತರ ಶಾಲೆಗೂ ಅದು ಲಾಗೂ ಆಗುತ್ತದೆ. ಮುಖ್ಯೋಪಾಧ್ಯಾಯರು ಮತ್ತು ಮ್ಯಾನೇಜ್‌ಮೆಂಟ್ ಹೆಸರಿಸುವ ಹೆಚ್ಚೆಂದರೆ ಮೂವರ ನೇಮಕಕ್ಕೆ ಮಾತ್ರ ವಿನಾಯಿತಿ. ಗೋವಾದಲ್ಲಿ ಇದೇ ಜಾಗದಲ್ಲಿ 1984ರ ಶಾಲಾ ಶಿಕ್ಷಣ ಕಾಯಿದೆ ಇದೆ. ವಿಶ್ವವಿದ್ಯಾಲಯಕ್ಕೆ ಸೇರಿದ ಸಂಸ್ಕೃತ ಕಾಲೇಜೋ ಇನ್ನೊಂದೋ ಆಗಿದ್ದರೆ 2016ರ ಮಹಾರಾಷ್ಟ್ರ ವಿಶ್ವವಿದ್ಯಾಲಯ ಕಾಯಿದೆಯ ನ್ಯಾಯಮಂಡಳಿ ಇದೆ.

ಕಷ್ಟ ಇರುವುದು ಉಳಿದವರಿಗೆ. ಬಂಗಾಳದ ಸೆರಾಂಪುರ ಕಾಲೇಜಿನ ಸೆನೆಟ್ 1918ರ ತನ್ನದೇ ಕಾಯಿದೆಯ ಕೆಳಗೆ ಬಿ.ಡಿ. ಪದವಿ ಕೊಡುತ್ತದೆ. ಕ್ಯಾಥೊಲಿಕ್ ಸೆಮಿನರಿಗಳು ರೋಮಿನ ನಿಯಮದಂತೆ ನಡೆಯುತ್ತವೆ. ಎಷ್ಟೋ ವೇದ ಪಾಠಶಾಲೆಗಳು, ಮದ್ರಸಾಗಳು ಯಾವ ಬೋರ್ಡಿಗೂ ಸೇರಿಲ್ಲ. ಇಲ್ಲಿ ಮೇಲಿನ ಶಾಲಾ ಕಾಯಿದೆಗಳು ಬರುವುದಿಲ್ಲ. ಹಾಗಂತ ಏನೂ ಇಲ್ಲ ಅಂತಲ್ಲ, ಪಿಎಫ್ ಮತ್ತು ಗ್ರ್ಯಾಚುಟಿಗೆ ಮಾನ್ಯತೆ ಬೇಕಾಗಿಯೇ ಇಲ್ಲ. ತಲೆ ಎಣಿಕೆ ಸಾಕು.

ಸರ್ಕಾರಿ ಅನುದಾನ ಬರುತ್ತಿದೆಯಾ ಅಂತಲೂ ನೋಡಿ. ಉಜ್ಜಯಿನಿಯ ಮಹರ್ಷಿ ಸಾಂದೀಪನಿ ರಾಷ್ಟ್ರೀಯ ವೇದ ವಿದ್ಯಾ ಪ್ರತಿಷ್ಠಾನ ಪಾಠಶಾಲೆಗಳಿಗೆ ನೆರವು ಕೊಡುತ್ತದೆ, ಅದರಲ್ಲಿ ಅಧ್ಯಾಪಕರ ಗೌರವಧನವೂ ಇರುತ್ತದೆ. ಮಹಾರಾಷ್ಟ್ರದ ಝಾಕಿರ್ ಹುಸೇನ್ ಮದ್ರಸಾ ಯೋಜನೆಯಲ್ಲಿ ಡಿ.ಎಡ್. ಆದ ಶಿಕ್ಷಕರ ಗೌರವಧನ 6,000ದಿಂದ 16,000ಕ್ಕೆ, ಬಿ.ಎಡ್. ಆದವರದು 8,000ದಿಂದ 18,000ಕ್ಕೆ ಏರಿಸುವ ತೀರ್ಮಾನ 2024ರ ಅಕ್ಟೋಬರಿನಲ್ಲಿ ಆಯಿತು. ನಿಮ್ಮ ಹೆಸರಿನಲ್ಲಿ ಎಷ್ಟು ಮಂಜೂರಾಗಿದೆ, ನಿಮ್ಮ ಕೈಗೆ ಎಷ್ಟು ಬರುತ್ತಿದೆ ಅಂತ ತಾಳೆ ನೋಡಬೇಕಾದರೆ ಆ ಇಲಾಖೆಗೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಬರಬೇಕು. ಅರ್ಜಿಯನ್ನು ನಿಮ್ಮ ಹೆಸರಲ್ಲೇ ಹಾಕಬೇಕೆಂದಿಲ್ಲ, ಊರಲ್ಲಿರುವ ಅಣ್ಣನೋ ಭಾವನೋ ಹಾಕಿದರೂ ನಡೆಯುತ್ತದೆ.

ಹೆಜ್ಜೆ 2: ನೀವು ಯಾರು, ಗೃಹಸ್ಥರೋ ವ್ರತ ತೊಟ್ಟವರೋ?

ಹೆಂಡತಿ ಮಕ್ಕಳು, ಬಾಡಿಗೆ, ಪಗಾರ ಇರುವ ಸಾಮಾನ್ಯ ಅಧ್ಯಾಪಕರಾದರೆ ಮುಂದಿನ ಹೆಜ್ಜೆಗೆ ಹೋಗಿ. ನೀವು ಫಾದರ್, ಸಿಸ್ಟರ್ ಅಥವಾ ಸನ್ಯಾಸಿ ಆಗಿದ್ದರೆ ಕತೆ ಬೇರೆ. ನಿಮ್ಮನ್ನು ಅಲ್ಲಿಗೆ ಕಳಿಸಿದ್ದು ಬಿಷಪರು ಅಥವಾ ನಿಮ್ಮ ಸಭೆಯ ಹಿರಿಯರು. ಅದನ್ನು ನೌಕರಿ ಅಂತ ಸಾಧಿಸುವುದು ಕಷ್ಟ. ಆದರೆ ಒಂದು ವಿಷಯ ಸ್ಪಷ್ಟ: ಅನುದಾನಿತ ಶಾಲೆಯಲ್ಲಿ ಪಾಠ ಮಾಡಿ ಸರ್ಕಾರದ ಸಂಬಳ ಪಡೆಯುವ ಸಿಸ್ಟರ್, ಫಾದರ್‌ಗಳ ಸಂಬಳಕ್ಕೂ ಟಿಡಿಎಸ್ ಕಡಿಯಬೇಕು ಅಂತ ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಎತ್ತಿ ಹಿಡಿಯಿತು. "ನಾವು ಬಡತನದ ವ್ರತ ತೊಟ್ಟವರು, ದುಡ್ಡೆಲ್ಲ ಸಭೆಗೆ ಹೋಗುತ್ತದೆ" ಅನ್ನುವ ವಾದ ನಡೆಯಲಿಲ್ಲ. ತೆರಿಗೆ ಕೊಡುವಾಗ ಸಂಬಳ, ಪಿಎಫ್ ಕೇಳುವಾಗ ಸೇವೆ ಅಂದರೆ ಹೇಗೆ ಅಂತ ನೀವು ಕೇಳಬಹುದು. ಕೇಳಿ.

ಕ್ಯಾಥೊಲಿಕ್ ಸಂಸ್ಥೆಯಲ್ಲಿರುವ ಗೃಹಸ್ಥ ಅಧ್ಯಾಪಕರ ಕೈಯಲ್ಲಿ ಇನ್ನೊಂದು ಕಾಗದ ಇದೆ, ಬಹಳ ಜನ ಅದನ್ನು ಬಳಸುವುದೇ ಇಲ್ಲ. ಕ್ಯಾಥೊಲಿಕ್ ಚರ್ಚಿನ ಸ್ವಂತ ಕಾನೂನಾದ 1983ರ ಕ್ಯಾನನ್ ಸಂಹಿತೆಯ 1286ನೇ ನಿಯಮದ ಪ್ರಕಾರ ಚರ್ಚಿನ ಆಸ್ತಿ ನೋಡಿಕೊಳ್ಳುವವರು ದೇಶದ ಕಾರ್ಮಿಕ ಕಾನೂನನ್ನು ಚಾಚೂ ತಪ್ಪದೆ ಪಾಲಿಸಬೇಕು, ನ್ಯಾಯವಾದ ಸಂಬಳ ಕೊಡಬೇಕು. 231ನೇ ನಿಯಮ ಚರ್ಚಿನ ಕೆಲಸ ಮಾಡುವ ಗೃಹಸ್ಥರಿಗೆ ಸಂಸಾರ ಸಾಗುವಷ್ಟು ಸಂಬಳ, ವಿಮೆ, ವೈದ್ಯಕೀಯ ಸೌಲಭ್ಯದ ಹಕ್ಕನ್ನು ಹೇಳುತ್ತದೆ. ಸರ್ಕಾರಿ ಕೋರ್ಟಿನಲ್ಲಿ ಇದರ ಮೇಲೆ ಕೇಸು ಹಾಕಲಾಗದು. ಆದರೆ ಸೆಮಿನರಿಯ ಮುಖ್ಯಸ್ಥರಾದ ರೆಕ್ಟರಿಗೆ ಬರೆಯುವ ಪತ್ರದಲ್ಲಿ ಈ ಎರಡು ನಂಬರ್ ಇದ್ದರೆ, "ಇದು ದೇವರ ಕೆಲಸ" ಅನ್ನುವ ಮಾತಿಗೆ ಅವರ ಮನೆಯ ಪುಸ್ತಕದಿಂದಲೇ ಉತ್ತರ ಕೊಟ್ಟಂತೆ. ಬಿಷಪರ ಲಿಖಿತ ಆದೇಶದಿಂದ ನಿಮಗೆ ತೊಂದರೆಯಾಗಿದ್ದರೆ ಅದನ್ನು ಬದಲಿಸಿ ಅಂತ ಕೇಳಲು ಚರ್ಚಿನೊಳಗೆ ಇರುವ ಅವಧಿ ಬರೀ 10 ದಿನ, ಅದು ತಪ್ಪಿದರೆ ಆ ಬಾಗಿಲು ಮುಚ್ಚಿತು.

ಹೆಜ್ಜೆ 3: ಕಾಗದ ಕೂಡಿಡಿ, ಜಗಳಕ್ಕಿಂತ ಮೊದಲು

ಇಲ್ಲೇ ಸೋಲು-ಗೆಲುವು. ಸ್ವಲ್ಪ ನಿಧಾನವಾಗಿ ಓದಿ.

ಚಿಕ್ಕ ಸಂಸ್ಥೆಗಳಲ್ಲಿ ಪಗಾರದ ದಿನ ಹೇಗಿರುತ್ತದೆ ಗೊತ್ತಲ್ವಾ? ಕ್ಯಾಷಿಯರ್ ಟೇಬಲ್ಲಿನ ಮೇಲೆ ವೋಚರ್ ಪುಸ್ತಕ. "ಗೌರವಧನ" ಅಂತ ಮರಾಠಿಯಲ್ಲಿ ಬರೆದ ಸಾಲು, ಮೊತ್ತದ ಜಾಗ ಖಾಲಿ, ಕೆಳಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು. "ಇಲ್ಲೊಂದು ಸಹಿ ಹಾಕಿ ಗುರುಗಳೇ, ಆಮೇಲೆ ತುಂಬಿಸ್ತೀನಿ." ಸಹಿ ಹಾಕಬೇಡಿ. ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಬರೆದ ಮೇಲೆ ಸಹಿ, ಪಕ್ಕದಲ್ಲಿ ನಿಮ್ಮ ಕೈಯಿಂದಲೇ ದಿನಾಂಕ. ಸಾಧ್ಯವಾದರೆ ಮೊಬೈಲಿನಲ್ಲಿ ಒಂದು ಫೋಟೋ. ಕ್ಯಾಷಿಯರ್ ಮುಖ ಗಂಟಿಕ್ಕಿದರೆ, "ನನ್ನ ಲೆಕ್ಕಕ್ಕೆ ಬೇಕು ಸಾರ್" ಅಂದುಬಿಡಿ. ಒಳ್ಳೆಯದೆಂದರೆ ಪಗಾರವನ್ನು ಬ್ಯಾಂಕಿಗೆ ಹಾಕಿ ಅಂತ ಒಂದು ಪತ್ರ ಕೊಡುವುದು. ಕ್ಯಾಷ್ ತಗೊಂಡವರ ಕೇಸು ನಿಧಾನ, ಬ್ಯಾಂಕ್ ಎಂಟ್ರಿ ಇರುವವರ ಕೇಸು ಅರ್ಧ ಮುಗಿದಂತೆ.

ಕೂಡಿಡಬೇಕಾದ್ದು: ನೇಮಕಾತಿ ಪತ್ರ, ಇಲ್ಲದಿದ್ದರೆ ನಿಮ್ಮನ್ನು ಕರೆದ ಇಮೇಲ್. ಟೈಮ್‌ಟೇಬಲ್, ನಿಮ್ಮ ಹೆಸರಿರುವ ಪ್ರಾಸ್ಪೆಕ್ಟಸ್, ಪರೀಕ್ಷಾ ಡ್ಯೂಟಿಯ ಪಟ್ಟಿ, ಐಡಿ ಕಾರ್ಡ್, ಮಸ್ಟರಿನ ಫೋಟೋ, ವಾರ್ಷಿಕೋತ್ಸವದ ಆಮಂತ್ರಣ. ಸೇರಿದ ದಿನ ಸಾಧಿಸಲು ಹಳೆಯ ಆಮಂತ್ರಣ ಪತ್ರಿಕೆಯಷ್ಟು ಉಪಯೋಗದ ಕಾಗದ ಇನ್ನೊಂದಿಲ್ಲ, ನಗಬೇಡಿ. ವಾಟ್ಸಾಪ್ ಮೆಸೇಜು ಅಳಿಸಬೇಡಿ, ಹಳೆ ಫೋನ್ ಮಾರಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿದ್ದರೆ ಅವು ಕೋರ್ಟಿನಲ್ಲಿ ಸಾಕ್ಷಿಯಾಗುತ್ತವೆ, ವಕೀಲರು ಮಾಡಿಸಿಕೊಡುತ್ತಾರೆ.

ಇನ್ನೊಂದು ಕಾಗದವನ್ನು ಸಂಸ್ಥೆಗೆ ಗೊತ್ತಾಗದಂತೆಯೇ ತೆಗೆಯಬಹುದು: ಆದಾಯ ತೆರಿಗೆ ಪೋರ್ಟಲ್ಲಿನ ನಿಮ್ಮ ಹಿಂದಿನ ವರ್ಷಗಳ 26ಎಎಸ್, ಅಂದರೆ ನಿಮ್ಮ ಹೆಸರಲ್ಲಿ ಕಡಿದ ತೆರಿಗೆಯ ಪಟ್ಟಿ. ಅದರಲ್ಲಿ ಕಲಂ 192 ಅಂತ ಇದ್ದರೆ ಅವರೇ ನಿಮಗೆ ಸಂಬಳ ಕೊಟ್ಟಿದ್ದೇವೆ ಅಂತ ಸರ್ಕಾರಕ್ಕೆ ಬರೆದುಕೊಟ್ಟಿದ್ದಾರೆ. 194ಜೆ ಇದ್ದರೆ ನಿಮ್ಮನ್ನು ಹೊರಗಿನ ವೃತ್ತಿಪರ ಅಂತ ತೋರಿಸಿದ್ದಾರೆ. ಬೆಳಿಗ್ಗೆ ಪ್ರಾರ್ಥನೆಯಿಂದ ರಾತ್ರಿ ಹಾಸ್ಟೆಲ್ ರೌಂಡ್ಸಿನವರೆಗೆ ಅವರು ಹೇಳಿದ ಹೊತ್ತಿಗೆ ಹಾಜರಾಗಿ, ರಜೆಗೆ ಅರ್ಜಿ ಬರೆಯುವವರು ಹೊರಗಿನ ಕನ್ಸಲ್ಟೆಂಟ್ ಆಗುವುದು ಹೇಗೆ? ಹಾಗಾಗಿ 194ಜೆ ಕಂಡರೆ ಹೆದರಬೇಡಿ, ನಿಮ್ಮ ರಜೆ ಅರ್ಜಿಗಳ ಕಾಪಿ ಹುಡುಕಿ.

ಮೂಲ ಪದವಿ ಪ್ರಮಾಣಪತ್ರಗಳನ್ನು ಆಫೀಸಿನಲ್ಲಿ ಇಡಲು ಕೊಡಬೇಡಿ. ಕೊಟ್ಟಿದ್ದರೆ "ವೀಸಾಕ್ಕೆ ಬೇಕು", "ಪಿಎಚ್.ಡಿ. ಅರ್ಜಿಗೆ ಬೇಕು" ಅಂತ ಈಗಲೇ, ಸಂಬಂಧ ಚೆನ್ನಾಗಿರುವಾಗಲೇ, ವಾಪಸ್ ತಗೊಳ್ಳಿ.

ಮತ್ತೆ ಮರಾಠಿ. ಮಾತಾಡಲು ಬರುತ್ತದೆ ಅಂತ ಕಚೇರಿ ಮರಾಠಿಯ ಕಾಗದಕ್ಕೆ ಕಣ್ಣುಮುಚ್ಚಿ ಸಹಿ ಹಾಕುವವರು ನಮ್ಮಲ್ಲಿ ಬಹಳ. ಪಕ್ಕದ ಮನೆಯ ಕಾಕಾನ ಹತ್ತಿರ ಓದಿಸಿ, ಆಮೇಲೆ ಸಹಿ.

ಹೆಜ್ಜೆ 4: ಪಿಎಫ್ ನೋಡಿ, ಇವತ್ತೇ

ಉಮಂಗ್ ಆಪ್ ತೆರೆದು ಯುಎಎನ್ (ನಿಮ್ಮ ಪಿಎಫ್ ನಂಬರ್) ಹಾಕಿ ಪಾಸ್‌ಬುಕ್ ನೋಡಿ. ಪಗಾರದಲ್ಲಿ ಪಿಎಫ್ ಕಡಿದು ಪಾಸ್‌ಬುಕ್ಕಿನಲ್ಲಿ ಬಿದ್ದಿಲ್ಲವಾದರೆ ಅದು ಬರೀ ತಡ ಅಲ್ಲ, ನಂಬಿಕೆ ದ್ರೋಹದ ಅಪರಾಧ. ಯುಎಎನ್ ಇಲ್ಲವೇ ಇಲ್ಲ ಅಂದರೆ ತಲೆ ಎಣಿಸಿ. 20 ಅಥವಾ ಹೆಚ್ಚು ಜನ ಕೆಲಸ ಮಾಡುತ್ತಿದ್ದರೆ ಪಿಎಫ್ ಬರುತ್ತದೆ. ಶಿಕ್ಷಣ ಸಂಸ್ಥೆಗಳು ಇದರೊಳಗೆ ಬಂದದ್ದು 1982ರಲ್ಲಿ. ಎಣಿಸುವಾಗ ಮೇಷ್ಟ್ರುಗಳನ್ನು ಮಾತ್ರ ಎಣಿಸಬೇಡಿ. ಅಡುಗೆಯವರು, ವಾಚ್‌ಮನ್, ಕಸ ಗುಡಿಸುವವರು, ಡ್ರೈವರ್, ಆಫೀಸಿನ ಹುಡುಗ ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಅದೇ ಟ್ರಸ್ಟಿನ ಇನ್ನೊಂದು ಶಾಖೆ ಬೇರೆ ಊರಿನಲ್ಲಿದ್ದರೂ ಸೇರಿಸಿ ಎಣಿಸಬಹುದು. "ನಾವು ಹನ್ನೆರಡೇ ಜನ" ಅನ್ನುವ ಪಾಠಶಾಲೆಯಲ್ಲಿ ಅಡುಗೆಮನೆಗೆ ಹೋಗಿ ಬಂದರೆ ಸಂಖ್ಯೆ ಇಪ್ಪತ್ತು ದಾಟಿರುತ್ತದೆ.

ನಿಮ್ಮ ಪಾಲು ಶೇ. 12, ಅವರದ್ದೂ ಶೇ. 12. ಅವರ ಪಾಲಿನಲ್ಲಿ ಶೇ. 8.33 ಪಿಂಚಣಿಗೆ ಹೋಗುತ್ತದೆ. ಲೆಕ್ಕಕ್ಕೆ ಹಿಡಿಯುವ ಪಗಾರದ ಮಿತಿ 15,000 ರೂಪಾಯಿ ಆದ್ದರಿಂದ ಎಷ್ಟೋ ಕಡೆ 1,800 ಅಂತ ಕಟ್ಟಿ ಸುಮ್ಮನಾಗುತ್ತಾರೆ, ಅದು ಕಾನೂನುಬದ್ಧವೇ. ಸೇರುವಾಗಲೇ 15,000ಕ್ಕಿಂತ ಜಾಸ್ತಿ ಪಗಾರ ಇದ್ದು, ಮೊದಲು ಎಲ್ಲೂ ಪಿಎಫ್ ಇರದಿದ್ದವರನ್ನು ಪಿಎಫ್ಗೆ ಸೇರಿಸದಿದ್ದರೆ ಅದಕ್ಕೂ ತಕರಾರು ಮಾಡಲಾಗದು. ಪಿಂಚಣಿಗೆ 10 ವರ್ಷ ಬೇಕು. ಒಂಬತ್ತು ವರ್ಷಕ್ಕೆ ಬೇಸತ್ತು ಬಿಡುವವರು ಇದನ್ನೊಮ್ಮೆ ಯೋಚಿಸಿ.

ದೂರು ಕೊಡುವುದು ಪಿಎಫ್ ಇಲಾಖೆಯ ಇಪಿಎಫ್‌ಐಜಿಎಂಎಸ್ ಪೋರ್ಟಲ್ಲಿನಲ್ಲಿ. ಕಚೇರಿಗೇ ಹೋಗುವುದಾದರೆ ಮುಂಬೈಯಲ್ಲಿ ಬಾಂದ್ರಾ ಪೂರ್ವದ ಭವಿಷ್ಯ ನಿಧಿ ಭವನ, ಪುಣೆಯಲ್ಲಿ ಗೋಳಿಬಾರ್ ಮೈದಾನದ ಹತ್ತಿರ, ಗೋವಾದಲ್ಲಿ ಪಣಜಿಯ ಪಾಟೋ. ಪ್ರತಿ ತಿಂಗಳ 27ಕ್ಕೆ "ನಿಧಿ ಆಪ್ಕೆ ನಿಕಟ್" ಅಂತ ಜಿಲ್ಲೆಗಳಲ್ಲಿ ಶಿಬಿರ ನಡೆಯುತ್ತದೆ, ಕಚೇರಿಯ ಕಿಟಕಿಗಿಂತ ಅಲ್ಲಿ ಮಾತಾಡುವುದು ಸುಲಭ. ಒಬ್ಬರೇ ಹೋಗುವುದಕ್ಕಿಂತ ಅಡುಗೆಯವರನ್ನೂ ಕರೆದುಕೊಂಡು ಹೋಗಿ. ಮೇಷ್ಟ್ರು-ಅಡುಗೆಭಟ್ಟ ಅನ್ನುವ ಮೇಲು-ಕೀಳು ಮ್ಯಾನೇಜ್‌ಮೆಂಟಿಗೆ ಲಾಭ, ನಿಮಗಲ್ಲ.

ಹೆಜ್ಜೆ 5: ಗ್ರ್ಯಾಚುಟಿ, ಎಲ್ಲರೂ ಮರೆಯುವ ದೊಡ್ಡ ದುಡ್ಡು

ಇದಕ್ಕೊಂದು ಕತೆ ಇದೆ. 1972ರ ಗ್ರ್ಯಾಚುಟಿ ಕಾಯಿದೆಯನ್ನು 1997ರ ಏಪ್ರಿಲ್ 3ರಂದು 10 ಜನರಿಗಿಂತ ಕಡಿಮೆ ಇರದ ಶಿಕ್ಷಣ ಸಂಸ್ಥೆಗಳಿಗೂ ವಿಸ್ತರಿಸಿದರು. 2004ರಲ್ಲಿ ಸುಪ್ರೀಂ ಕೋರ್ಟು, ಕಾಯಿದೆಯ ವ್ಯಾಖ್ಯೆಯಲ್ಲಿ ಮೇಷ್ಟ್ರುಗಳು ಬರುವುದಿಲ್ಲ ಅಂದುಬಿಟ್ಟಿತು. ಆಗ ಸಂಸತ್ತು 2009ರಲ್ಲಿ ವ್ಯಾಖ್ಯೆ ಬದಲಿಸಿ, 1997ರಿಂದಲೇ ಲಾಗೂ ಅಂತ ಮಾಡಿತು. ಖಾಸಗಿ ಶಾಲೆಗಳು ಅದನ್ನೂ ಪ್ರಶ್ನಿಸಿದವು, 2022ರ ಆಗಸ್ಟಿನಲ್ಲಿ ಸೋತವು. ನಿಮ್ಮ ಟ್ರಸ್ಟಿಗಳು "ಮೇಷ್ಟ್ರುಗಳಿಗೆ ಗ್ರ್ಯಾಚುಟಿ ಇಲ್ಲ, ಸುಪ್ರೀಂ ಕೋರ್ಟೇ ಹೇಳಿದೆ" ಅಂದರೆ ಅವರ ವಕೀಲರು 2004ರಲ್ಲೇ ನಿಂತಿದ್ದಾರೆ ಅಂತ ತಿಳಿಯಿರಿ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ, ಗ್ರ್ಯಾಚುಟಿ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. 10 ಜನರ ಮಿತಿ ಹಾಗೇ ಇದೆ. ಐದು ವರ್ಷದ ಸೇವೆ ಬೇಕು ಅನ್ನುವುದೂ ಇದೆ, ಆದರೆ ಅವಧಿ ನಿಗದಿ ಮಾಡಿದ ಕರಾರಿನವರಿಗೆ ಕರಾರು ಮುಗಿದಾಗ ಐದು ವರ್ಷ ಆಗಬೇಕೆಂದಿಲ್ಲ. 11 ತಿಂಗಳ ಕರಾರು, ಒಂದು ತಿಂಗಳ "ಬ್ರೇಕು", ಮತ್ತೆ 11 ತಿಂಗಳು ಅಂತ ಆಟ ಆಡಿಸುವ ಸಂಸ್ಥೆಗಳು ಬಹಳ. ಆ ಬ್ರೇಕಿನ ತಿಂಗಳಲ್ಲಿ ನೀವು ಉತ್ತರ ಪತ್ರಿಕೆ ತಿದ್ದಿದ್ದರೆ, ಬೇಸಿಗೆ ಶಿಬಿರ ನಡೆಸಿದ್ದರೆ ಅದರ ಸಾಕ್ಷಿ ಇಟ್ಟುಕೊಳ್ಳಿ. ಸೇವೆ ಕಡಿದಿಲ್ಲ ಅಂತ ಹೇಳಲು ಅದೇ ಬೇಕು.

ಲೆಕ್ಕ ಸುಲಭ. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಿ. ಆರು ತಿಂಗಳಿಗಿಂತ ಹೆಚ್ಚಿದ್ದರೆ ಪೂರ್ತಿ ವರ್ಷ. ಉದಾಹರಣೆಗೆ 32,000 ರೂಪಾಯಿ ವೇತನ, 13 ವರ್ಷ 7 ತಿಂಗಳ ಸೇವೆ: 14 ವರ್ಷ ಅಂತ ಹಿಡಿದು ಸುಮಾರು 2,58,460 ರೂಪಾಯಿ. ಶಾಲು, ಫಲತಾಂಬೂಲ ಕೊಟ್ಟು ಕಳಿಸುವ ಸಂಸ್ಥೆಯಿಂದ ಬಿಟ್ಟು ಬರುವ ದುಡ್ಡು ಇದು. ಮಿತಿ 20 ಲಕ್ಷ. ವೇತನ ಅಂದರೆ ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ). ಆದರೆ ಹೊಸ ಸಂಹಿತೆಯಲ್ಲಿ ಭತ್ಯೆಗಳು ಒಟ್ಟು ಮೊತ್ತದ ಅರ್ಧಕ್ಕಿಂತ ಹೆಚ್ಚಾದರೆ ಆ ಹೆಚ್ಚಿನ ಭಾಗ ವೇತನಕ್ಕೇ ಸೇರುತ್ತದೆ. ಬೇಸಿಕ್ ಐದು ಸಾವಿರ, ಉಳಿದದ್ದೆಲ್ಲ ಭತ್ಯೆ ಅಂತ ಬರೆಯುವ ಹಳೆ ಚಾಲಾಕಿ ಇನ್ನು ನಡೆಯದು.

ಕೆಲಸ ಬಿಟ್ಟ 30 ದಿನದೊಳಗೆ ಅರ್ಜಿ ಕೊಡಿ. ಅವರು 30 ದಿನದಲ್ಲಿ ಕೊಡಬೇಕು, ತಡವಾದರೆ ಬಡ್ಡಿ. ಪತ್ರ ಇಷ್ಟು ಸಾಕು: "ನಾನು ಇಂಥ ದಿನದಿಂದ ಇಂಥ ದಿನದವರೆಗೆ ತಮ್ಮಲ್ಲಿ ಅಧ್ಯಾಪಕನಾಗಿದ್ದೆ. ನನ್ನ ಕೊನೆಯ ವೇತನ ಇಷ್ಟು. ನನಗೆ ಬರಬೇಕಾದ ಗ್ರ್ಯಾಚುಟಿ ಇಷ್ಟು. ದಯವಿಟ್ಟು ಈ ಖಾತೆಗೆ ಜಮಾ ಮಾಡಿ." ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಬರೆಯಿಸಿ, ಎರಡು ಪ್ರತಿ ಮಾಡಿ, ಒಂದರ ಮೇಲೆ ಇನ್‌ವರ್ಡ್ ನಂಬರ್ ಮತ್ತು ಸೀಲು ಹಾಕಿಸಿ. ತಗೊಳ್ಳದಿದ್ದರೆ ಸ್ಪೀಡ್ ಪೋಸ್ಟ್. ನಿಮ್ಮ ಸೇವೆ, ನಿಮ್ಮ ಕಷ್ಟ, ಅವರ ಅಧರ್ಮ ಇವುಗಳ ವರ್ಣನೆ ಬೇಡವೇ ಬೇಡ. ಕೊಡದಿದ್ದರೆ ಮುಂಬೈಯಲ್ಲಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಕಾಮಗಾರ್ ಭವನ, ಗೋವಾದಲ್ಲಿ ಪಾಟೋದ ಶ್ರಮ ಶಕ್ತಿ ಭವನದಲ್ಲಿ ವಿಚಾರಿಸಿ, ಗ್ರ್ಯಾಚುಟಿ ನೋಡುವ ಅಧಿಕಾರಿ ಯಾರು ಅಂತ ಹೇಳುತ್ತಾರೆ. ಪುಣೆಯಲ್ಲೂ ಕಾರ್ಮಿಕ ಇಲಾಖೆಯೇ.

ನೆನಪಿಡಿ, ಗ್ರ್ಯಾಚುಟಿ ತಡೆಯಲು ಕಾರಣಗಳು ಬಹಳ ಕಡಿಮೆ: ನೀವು ಬೇಕಂತಲೋ ಅಸಡ್ಡೆಯಿಂದಲೋ ಸಂಸ್ಥೆಯ ಆಸ್ತಿ ಹಾಳು ಮಾಡಿ ವಜಾ ಆಗಿರಬೇಕು, ಹೊಡೆದಾಟ ಮಾಡಿ ವಜಾ ಆಗಿರಬೇಕು, ಅಥವಾ ಕೆಲಸದ ಹೊತ್ತಿನಲ್ಲಿ ನೈತಿಕ ಅಧಃಪತನದ ಅಪರಾಧ ಮಾಡಿ ವಜಾ ಆಗಿರಬೇಕು. ಮಠದ ಸಂಪ್ರದಾಯಕ್ಕೆ ಒಪ್ಪದ ಮಾತಾಡಿದಿರಿ, ಬೇರೆ ಸಭೆಗೆ ಸೇರಿದಿರಿ, ಜಾತಿ ಬಿಟ್ಟು ಮದುವೆಯಾದಿರಿ ಅನ್ನುವುದು ಆ ಪಟ್ಟಿಯಲ್ಲಿಲ್ಲ.

ಬೋನಸ್ ಕೇಳಬೇಡಿ. ಶಿಕ್ಷಣ ಸಂಸ್ಥೆಗಳಿಗೆ ಅದು ಇಲ್ಲ.

ಹೆಜ್ಜೆ 6: ತೆಗೆದುಹಾಕಿದರೆ

ಇಲ್ಲಿ ಆ "ಅರ್ಧ ನಿಜ" ಬರುತ್ತದೆ. 1978ರ ಬೆಂಗಳೂರು ವಾಟರ್ ಸಪ್ಲೈ ತೀರ್ಪಿನಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಶಿಕ್ಷಣವನ್ನೂ ಕೈಗಾರಿಕೆ ಅನ್ನುವ ವ್ಯಾಖ್ಯೆಯೊಳಗೆ ತಂದಿತು. ಬರೀ ಆಧ್ಯಾತ್ಮಿಕ ಸೇವೆಯನ್ನು ಹೊರಗಿಟ್ಟಿತು, ಆದರೆ ದೊಡ್ಡ ಪ್ರಮಾಣದಲ್ಲಿ ಪ್ರಸಾದ ತಯಾರಿಸುವುದನ್ನು ಒಳಗೇ ಇಟ್ಟಿತು. ಮಂತ್ರ ಹೊರಗೆ, ಲಡ್ಡು ಒಳಗೆ. ಹತ್ತು ವರ್ಷದ ಮೇಲೆ ಗೋವಾದ ಕರಂಜಾಳೆಯಲ್ಲಿ ಸಿಸ್ಟರುಗಳು ನಡೆಸುತ್ತಿದ್ದ ಶಾಲೆಯ ಶಿಕ್ಷಕಿಯೊಬ್ಬರು ತಮ್ಮನ್ನು ತೆಗೆದದ್ದರ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋದರು. 1988ರಲ್ಲಿ ಕೋರ್ಟು ಹೇಳಿದ್ದು: ಶಾಲೆ ಕೈಗಾರಿಕೆ ಇರಬಹುದು, ಆದರೆ ಶಿಕ್ಷಕಿ "ವರ್ಕ್‌ಮನ್" ಅಲ್ಲ. ಲೇಬರ್ ಕೋರ್ಟು ಕಾಯಿದೆಯ ಅರ್ಥದ ಕಾರ್ಮಿಕರಿಗೆ ಮಾತ್ರ, ಹಾಗಾಗಿ ಅಂದಿನಿಂದ ಅದರ ಬಾಗಿಲು ಮೇಷ್ಟ್ರುಗಳಿಗೆ ಮುಚ್ಚಿದೆ. ಈಗಿನ ಕೈಗಾರಿಕಾ ಸಂಬಂಧಗಳ ಸಂಹಿತೆ ದಾನಧರ್ಮ, ಸಮಾಜಸೇವೆಯಲ್ಲಿ ತೊಡಗಿದ ಸಂಘಟನೆಗಳು ನಡೆಸುವ ಸಂಸ್ಥೆಗಳನ್ನೇ ಕೈಗಾರಿಕೆಯಿಂದ ಹೊರಗಿಟ್ಟಿದೆ. ಅಂದರೆ ಬಾಗಿಲಿಗೆ ಬೀಗವೂ ಬಿತ್ತು.

ಹಾಗಾದರೆ ಎಲ್ಲಿಗೆ? ಹೆಜ್ಜೆ 1ಕ್ಕೆ ವಾಪಸ್ ಹೋಗಿ. ಎಂಇಪಿಎಸ್ ಬರುವ ಶಾಲೆಯಾದರೆ ಸ್ಕೂಲ್ ಟ್ರಿಬ್ಯುನಲ್, ಪುಣೆ-ಮುಂಬೈ ಎರಡರಲ್ಲೂ ಇದೆ, ಆದೇಶ ಸಿಕ್ಕಿದ 30 ದಿನದೊಳಗೆ ಅಪೀಲು. ಈ 30 ದಿನವನ್ನು "ಸ್ವಾಮಿಗಳು ಚಾತುರ್ಮಾಸ್ಯ ಮುಗಿಸಿ ಬರಲಿ, ಮಾತಾಡೋಣ" ಅಂತ ಕಳೆಯಬೇಡಿ. ಮಾತಾಡುವುದನ್ನು ಅಪೀಲು ಹಾಕಿದ ಮೇಲೂ ಮಾಡಬಹುದು.

ಮಾನ್ಯತೆ ಇಲ್ಲದ ಸಂಸ್ಥೆಯಾದರೆ ಸಿವಿಲ್ ಕೋರ್ಟು. ಮಣಿಪಾಲದ ಟಿ.ಎಂ.ಎ. ಪೈ ಫೌಂಡೇಶನ್ ಕೇಸಿನಲ್ಲಿ 11 ನ್ಯಾಯಮೂರ್ತಿಗಳು 2002ರಲ್ಲಿ, ಅನುದಾನ ಇರಲಿ ಬಿಡಲಿ, ಶಿಕ್ಷೆಗೆ ಗುರಿಯಾದ ಸಿಬ್ಬಂದಿಯ ಅಹವಾಲಿಗೆ ಜಿಲ್ಲಾ ನ್ಯಾಯಾಧೀಶರ ದರ್ಜೆಯವರ ಟ್ರಿಬ್ಯುನಲ್ ಇರಬೇಕು ಅಂದಿದ್ದರು. ನಿಮ್ಮ ವಕೀಲರಿಗೆ ಈ ತೀರ್ಪು ನೆನಪಿಸಿ. ಆದರೆ ಖಾಸಗಿ ಕರಾರಿನ ಮೇಲೆ "ವಾಪಸ್ ತಗೊಳ್ಳಿ" ಅಂತ ಸಿವಿಲ್ ಕೋರ್ಟು ಸಾಮಾನ್ಯವಾಗಿ ಹೇಳುವುದಿಲ್ಲ. ನೋಟಿಸ್ ಅವಧಿಯ ಪಗಾರ, ಬಾಕಿ ಪಗಾರ, ಪರಿಹಾರ ಸಿಗಬಹುದು. ಬಾಕಿ ಪಗಾರದ ದಾವೆಗೆ ಮೂರು ವರ್ಷ ಕಾಲಾವಧಿ. "ಎಫ್‌ಸಿಆರ್‌ಎ ನಿಂತಿದೆ, ಹೊರದೇಶದ ದುಡ್ಡು ಬರ್ತಿಲ್ಲ" ಅನ್ನುವುದು ಕಷ್ಟ ಹೌದು, ಆದರೆ ನೀವು ಆಗಲೇ ಮಾಡಿದ ಕೆಲಸದ ಸಾಲ ಅದರಿಂದ ಮಾಫಿಯಾಗುವುದಿಲ್ಲ. ಹೈಕೋರ್ಟಿಗೆ ರಿಟ್ ಅಂತ ಓಡುವ ಮೊದಲು ಕೇಳಿ: ಅನುದಾನ ಇಲ್ಲದ ಖಾಸಗಿ ಸಂಸ್ಥೆಯ ಬರೀ ಸೇವಾ ಕರಾರಿನ ತಕರಾರಿಗೆ ರಿಟ್ ನಡೆಯದು ಅಂತ 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಮುಖ್ಯವಾದದ್ದು, ರಾಜೀನಾಮೆ ಬರೆದುಕೊಡಬೇಡಿ. ಕೋಣೆಗೆ ಕರೆದು ನಾಲ್ಕು ಜನ ಸುತ್ತ ಕೂತು, "ಮರ್ಯಾದೆಯಿಂದ ಬರೆದುಕೊಡಿ, ಇಲ್ಲಾಂದ್ರೆ ಒಳ್ಳೆ ಸರ್ಟಿಫಿಕೇಟ್ ಸಿಗಲ್ಲ" ಅನ್ನುತ್ತಾರೆ. "ಮನೆಯಲ್ಲಿ ಕೇಳಿ ನಾಳೆ ಹೇಳ್ತೀನಿ" ಅಂದು ಎದ್ದು ಬನ್ನಿ. ಬರೆದೇ ಬಿಟ್ಟಿದ್ದರೆ ಅದೇ ದಿನ ಇಮೇಲಿನಲ್ಲಿ, ಒತ್ತಡದಿಂದ ಬರೆದದ್ದು, ವಾಪಸ್ ತಗೊಳ್ಳುತ್ತಿದ್ದೇನೆ ಅಂತ ಕಳಿಸಿ.

ಚಾರಿಟಿ ಕಮಿಷನರ್ ಹತ್ತಿರ ಹೋಗಬಹುದಾ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಕಡೆಯ ಮುಜರಾಯಿ ಇಲಾಖೆ ಇದ್ದಂತೆ ಇದು ಅಂತ ತಿಳಿದಿರುತ್ತಾರೆ. ಅಲ್ಲ. ಮಹಾರಾಷ್ಟ್ರದ 1950ರ ಸಾರ್ವಜನಿಕ ಟ್ರಸ್ಟ್ ಕಾಯಿದೆಯ ಕೆಳಗೆ ಅವರು ಟ್ರಸ್ಟಿನ ಲೆಕ್ಕಪತ್ರ, ಟ್ರಸ್ಟಿಗಳ ನಡತೆ ನೋಡುತ್ತಾರೆ, ನಿಮ್ಮ ಪಗಾರದ ಜಗಳ ಬಗೆಹರಿಸುವುದಿಲ್ಲ. ಆದರೆ ಟ್ರಸ್ಟಿಗಳು ಯಾರು, ಆಡಿಟ್ ಆದ ಲೆಕ್ಕದಲ್ಲಿ ಸಿಬ್ಬಂದಿ ವೇತನ ಅಂತ ಎಷ್ಟು ತೋರಿಸಿದ್ದಾರೆ ಅನ್ನುವ ಕಾಗದದ ನಕಲು ಅಲ್ಲಿಂದ ಪಡೆಯಬಹುದು. ಮುಂಬೈ ಕಚೇರಿ ವರ್ಲಿಯಲ್ಲಿದೆ. ಗೋವಾದ ದೇವಸ್ಥಾನಗಳ ವಿಷಯ ಬೇರೆ, ಅಲ್ಲಿ ಪೋರ್ಚುಗೀಸರ ಕಾಲದ ಮಹಾಜನರ ನಿಯಮಾವಳಿ ಇನ್ನೂ ನಡೆಯುತ್ತದೆ, ಮೇಲ್ವಿಚಾರಣೆ ಮಾಮಲೇದಾರರದು (ನಮ್ಮ ತಹಶೀಲ್ದಾರರಂಥ ಅಧಿಕಾರಿ).

ಹೆಜ್ಜೆ 7: ಕ್ವಾರ್ಟರ್ಸ್, ಹೆರಿಗೆ ರಜೆ, ಕಿರುಕುಳ

ಕ್ಯಾಂಪಸ್ಸಿನ ಮನೆ ಕೆಲಸದ ಜೊತೆ ಬಂದದ್ದು, ಕೆಲಸದ ಜೊತೆಗೇ ಹೋಗುತ್ತದೆ. ಕೆಲಸದವರಾಗಿ ಎಷ್ಟು ವರ್ಷ ಇದ್ದರೂ ಮನೆಯ ಮೇಲೆ ಹಕ್ಕು ಹುಟ್ಟುವುದಿಲ್ಲ ಅಂತ ಸುಪ್ರೀಂ ಕೋರ್ಟು 2012ರಲ್ಲಿ ಹೇಳಿದ್ದೂ ಗೋವಾದ ಒಂದು ಮನೆಯ ಕೇಸಿನಲ್ಲೇ. ಹಾಗಾಗಿ ಮನೆ ಬಿಡಲು ಎಷ್ಟು ದಿನ, ಮಕ್ಕಳ ಪರೀಕ್ಷೆಯವರೆಗೆ ಇರಬಹುದಾ ಅನ್ನುವುದನ್ನು ಸೇರುವಾಗಲೇ ನೇಮಕಾತಿ ಪತ್ರದಲ್ಲಿ ಬರೆಸಿ. ಜಗಳ ಶುರುವಾದ ಮೇಲೆ ಅವರು ಬರೆಯುವುದಿಲ್ಲ.

ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ, ಪೂರ್ತಿ ಸಂಬಳ ಸಹಿತ. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು ಅಷ್ಟೇ. 10 ಜನರ ಸಂಸ್ಥೆಗೆ ಇದು ಬರುತ್ತದೆ.

ಲೈಂಗಿಕ ಕಿರುಕುಳದ 2013ರ ಕಾಯಿದೆಗೆ ಮಠ, ಸೆಮಿನರಿ, ಮದ್ರಸಾ ಅಂತ ವಿನಾಯಿತಿ ಇಲ್ಲ. 10 ಜನ ಇದ್ದರೆ ಆಂತರಿಕ ಸಮಿತಿ ಇರಲೇಬೇಕು, ಅದರಲ್ಲಿ ಹೊರಗಿನವರೊಬ್ಬರು ಇರಬೇಕು. ಇಲ್ಲದಿದ್ದರೆ, ಅಥವಾ ದೂರು ಸಂಸ್ಥೆಯ ಮುಖ್ಯಸ್ಥರ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ನೇರ ಹೋಗಿ, ಕಲೆಕ್ಟರ್ ಕಚೇರಿಯಲ್ಲಿ ವಿಚಾರಿಸಿದರೆ ಗೊತ್ತಾಗುತ್ತದೆ. ಮೂರು ತಿಂಗಳೊಳಗೆ ಬರೆದು ಕೊಡಬೇಕು, ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. "ಒಳಗೊಳಗೇ ಮುಗಿಸೋಣ, ಸಂಸ್ಥೆಯ ಹೆಸರು ಹಾಳಾಗುತ್ತೆ" ಅನ್ನುವವರು ಸಾಮಾನ್ಯವಾಗಿ ಈ ಮೂರು ತಿಂಗಳು ಕಳೆಯುವುದನ್ನೇ ಕಾಯುತ್ತಿರುತ್ತಾರೆ.

ವಕೀಲರ ಖರ್ಚಿಗೆ ಹೆದರಿ ಕೂರಬೇಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಉಳಿದವರಿಗೆ ಆದಾಯದ ಮಿತಿ ಇದೆ. ಪುಣೆಯವರಿಗೆ ಶಿವಾಜಿನಗರದ ಜಿಲ್ಲಾ ಕೋರ್ಟು, ಎಲ್ಲಿಂದಲಾದರೂ 15100 ನಂಬರ್. ಹೋಗುವಾಗ ಹೆಜ್ಜೆ 3ರ ಕಾಗದಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿದ ಫೈಲು, ಮೇಲೊಂದು ಪುಟದಲ್ಲಿ ಸೇರಿದ ದಿನ, ಬಿಟ್ಟ ದಿನ, ಕೊನೆಯ ಪಗಾರ, ಬಾಕಿ ಎಷ್ಟು ಅಂತ ಬರೆದು ತಗೊಂಡು ಹೋಗಿ.